ಭರ್ತಿ ಸಾಹೇಬರ ರಜೆ ಚೀಟಿ

"ಅಮ್ಮಾ, ಮೇಲಿನ ಮನೆ ಮಾವ ಮೀನಿನ ಮಂತ್ರಿನಾ?"

ಆರು ವರ್ಷದ ಮಗಳ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಪತ್ರಿಕೆಯ ಮುಖಪುಟದಲ್ಲಿ ಯಾವುದೋ ದೇಶದ ಅಧ್ಯಕ್ಷರ ಕೈ ಕುಲುಕುತ್ತಿದ್ದವರು ಮೇಲಿನ ಮನೆಯವರೇ. ಚಿತ್ರದ ಕೆಳಗೆ ಮಾತ್ರ 'ಮೀನುಗಾರಿಕೆ ಸಚಿವರು' ಎಂದು ಅಚ್ಚಾಗಿತ್ತು.

"ಮಂತ್ರಿ ಅಲ್ಲ ಕಣೆ, ಮಂತ್ರಿಗಳ ಆಫೀಸಲ್ಲಿ ಕೆಲಸ ಮಾಡೋರು. ಹಾಲು ಕುಡಿ, ಆರಿಹೋಗ್ತಿದೆ," ಎಂದಳು ತಾಯಿ.

ಅವರು ಸಂಪುಟ ಕಚೇರಿಯಲ್ಲಿ ಅಧೀನ ಕಾರ್ಯದರ್ಶಿ. ರಾಷ್ಟ್ರಾಧ್ಯಕ್ಷರ ಸಮಾರಂಭವಿರಲಿ, ಹೊರದೇಶದ ಅತಿಥಿಯ ವಿಮಾನ ಇಳಿಯಲಿ, ಸ್ವಾಗತದ ಸಾಲಿನಲ್ಲಿ ಹನ್ನೆರಡು ಸಚಿವರು ನಿಲ್ಲಲೇಬೇಕು. ಕೆಂಪು ಹಾಸಿನ ಅಂಚಿಗೆ ಸೀಮೆಸುಣ್ಣದಲ್ಲಿ ಹನ್ನೆರಡು ಗುರುತು ಹಾಕಿರುತ್ತಾರೆ. ಹನ್ನೆರಡೂ ಮಂದಿ ಬಂದ ದಿನವೇ ಇಲ್ಲ; ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಮುನಿಸು. ಖಾಲಿ ಬಿದ್ದ ಗುರುತಿನ ಮೇಲೆ ಇವರು. ಪರಿಚಯ ಹೇಳುವವನು ಪಟ್ಟಿಯಲ್ಲಿದ್ದದ್ದನ್ನೇ ಓದಿಕೊಂಡು ಹೋಗುತ್ತಾನೆ. ಹೀಗೆ ಇಪ್ಪತ್ತೊಂದು ವರ್ಷದಲ್ಲಿ ಕೃಷಿ, ಅರಣ್ಯ, ಬಂದರು ಎಲ್ಲವೂ ಆಗಿ, ಕಚೇರಿಯವರ ಬಾಯಲ್ಲಿ ಭರ್ತಿ ಸಾಹೇಬರಾಗಿದ್ದರು.

ಎರಡನೇ ಸಲ ಬಂದ ಅಧ್ಯಕ್ಷರೊಬ್ಬರು ಹಿಡಿದ ಕೈ ಬಿಡದೆ, "ಹೋದ ಸಲ ನೀವು ಕೃಷಿ ಅಲ್ಲವೇ?" ಎಂದು ಕೇಳಿದ್ದರಂತೆ. "ಖಾತೆ ಬದಲಾಯಿತು, ಮಹನೀಯರೇ," ಎಂದು ಇವರು ಬಚಾವಾದರಂತೆ. ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತ ಈ ಕಥೆ ಹೇಳಿ, ಕೇಳುವವರಿಗಿಂತ ಮೊದಲು ತಾವೇ ನಗುತ್ತಿದ್ದರು.

ಈ ವರ್ಷ ಆ ನಗು ಇರಲಿಲ್ಲ. ಹೆಂಡತಿ ಬಟ್ಟೆ ಹೊಲಿಯುವವರು; ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೂ ಕೈಲಾಗುತ್ತಿರಲಿಲ್ಲ. ಆಪರೇಷನ್ನಿಗೆ ಎರಡು ಸಲ ದಿನ ನಿಗದಿಯಾಗಿತ್ತು. ಎರಡು ಸಲವೂ ಅದೇ ದಿನ ಒಬ್ಬೊಬ್ಬ ಅಧ್ಯಕ್ಷರು ಬಂದಿಳಿದಿದ್ದರು. ಮನೆಯವರೊಬ್ಬರು ಸಹಿ ಹಾಕಿ ಕೊನೆತನಕ ಹೊರಗೆ ಕೂತಿರಬೇಕೆಂಬುದು ಆಸ್ಪತ್ರೆಯ ನಿಯಮ. ಮಕ್ಕಳಿಲ್ಲದ ಮನೆ, ಇವರು ಬಿಟ್ಟರೆ ಇನ್ಯಾರು? "ಮೂರನೇ ಸಲ ತಪ್ಪಿಸಿದ್ರೆ ಹೆಸರು ಹೊಡೆದುಹಾಕ್ತೀವಿ," ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ತಿಂಗಳ ಮೊದಲೇ ರಜೆ ಬರೆದುಕೊಟ್ಟು, ಮಂಜೂರಾದ ಚೀಟಿಯನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಮೇಲಧಿಕಾರಿ ಕರೆಸಿದರು.

"ನಾಳೆ ಎಂಟಕ್ಕೆ ಏರ್‌ಪೋರ್ಟಲ್ಲಿರಿ, ವಿಮಾನ ಹನ್ನೊಂದಕ್ಕೆ. ಅತಿಥಿಗಳು ಒಂದು ದಿನ ಮೊದಲೇ ಬರ್ತಿದಾರೆ. ಸಾರಿಗೆ ಸಚಿವರಿಗೆ ಸೊಂಟ ಹಿಡ್ಕೊಂಡಿದೆ."

"ನಾಳೆ ನನಗೆ ರಜೆ ಇದೆ ಸಾರ್. ನೀವೇ ಸಹಿ ಹಾಕಿದ್ದೀರಿ."

"ಹಾಕಿದೀನಿ ಕಣ್ರೀ. ಸಾಲು ಹಲ್ಲು ಬಿದ್ದ ಬಾಯಿ ಥರ ಕಂಡ್ರೆ ನನ್ನ ಮಾನ ಹೋಗುತ್ತಲ್ಲ? ಅರ್ಧ ಗಂಟೆ ನಿಂತ್ಕೊಳ್ಳೋಕೇನು ಕಷ್ಟ?"

ಆ ಅರ್ಧ ಗಂಟೆಗೆ ಮೂರು ಗಂಟೆ ಮೊದಲೇ ಹೋಗಿ ಕಾಯಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಆಗಲ್ಲ ಎನ್ನಬೇಕೆಂದು ಬಾಯಿ ತೆರೆದರು. ಬಾಯಿಗೆ ಬಂದದ್ದು, "ಆಯ್ತು ಸಾರ್." ಅಭ್ಯಾಸ ಅಷ್ಟು ಗಟ್ಟಿಯಾಗಿತ್ತು. ಹೊರಗೆ ಬಂದು ಚೀಟಿಯನ್ನು ಚೂರುಚೂರು ಮಾಡಿದರು. ತಮ್ಮ ನಾಲಿಗೆಯ ಮೇಲೆಯೇ ಅವರಿಗೆ ಸಿಟ್ಟು ಉಕ್ಕುತ್ತಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಕೂಗಾಡಲಿಲ್ಲ. ಕತ್ತರಿಯನ್ನು ತಡಕಾಡಿ ಎತ್ತಿಟ್ಟು, "ನಾನು ಯಾವ ದೇಶಕ್ಕೆ ಅಧ್ಯಕ್ಷೆ ಆಗ್ಬೇಕು ಹೇಳಿ, ನೀವು ಬಂದು ನಿಂತ್ಕೊಳ್ಳೋಕೆ?" ಎಂದರು.

ಸಾಹೇಬರು ಬರಿಗಾಲಲ್ಲೇ ಕೆಳಗಿಳಿದು ಬಂದರು. ಕೆಳಗಿನ ಮನೆಯ ಹುಡುಗಿಯ ತಾಯಿ ಬಟ್ಟೆ ಹಿಂಡುತ್ತಿದ್ದಳು.

"ಬನ್ನಿ ಅಣ್ಣಾ. ಯಾಕೆ, ಮುಖ ಹೀಗಾಗಿದೆ?"

ಒಂದೇ ಉಸಿರಿಗೆ ಎಲ್ಲ ಹೇಳಿ, ಕಣ್ಣು ತಪ್ಪಿಸಿ ನಿಂತರು.

"ಇದನ್ನ ಕೇಳೋಕೆ ನನಗೆ ಮುಖ ಇಲ್ಲಮ್ಮ. ನಾಳೆ ಮಗೂನ ಸ್ಕೂಲಿಗೆ ಬಿಟ್ಟು ನನ್ನ ಜಾಗಕ್ಕೆ ನೀನು ನಿನ್ನ ಅತ್ತಿಗೆ ಜೊತೆ ಆಸ್ಪತ್ರೆಗೆ ಹೋಗ್ತೀಯಾ? ಫಾರಮ್ಮಲ್ಲಿ ಸಂಬಂಧ ಏನು ಅಂತ ಕೇಳ್ತಾರೆ. ನಾದಿನಿ ಅಂತ ಬರೆದು ಸಹಿ ಹಾಕಿಬಿಡು."