ಪೀಣ್ಯದಲ್ಲಿ ಎಸ್ಕಿಲ್‌ನ ಶಿರಸ್ತ್ರಾಣ

ತುಮಕೂರಿನಲ್ಲಿ ಬಸ್ಸು ಹತ್ತುವಾಗಲೇ ನನಗೆ ಹೋಗುವ ಮನಸ್ಸಿರಲಿಲ್ಲ. ತಮ್ಮ ಶಿವು ಕಳಿಸಿದ್ದ ಇಂಗ್ಲಿಷ್ ಹಾಳೆಗಳಲ್ಲಿ ಸತ್ತವನೊಬ್ಬನ ಕಥೆಯಿತ್ತು; ಓದುತ್ತ ಹೋದಂತೆ ವಾಪಸಾಗಿಬಿಡೋಣ ಅನ್ನಿಸಿತು. ಅರವತ್ತು ಕಿಲೋಮೀಟರಿನ ದಾರಿ, ನೆಲಮಂಗಲ ದಾಟಿದ ಮೇಲೆ ಬಸ್ಸು ಆಮೆಯಾಯಿತು. ತುಮಕೂರು ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಎಂಟನೇ ಮೈಲಿಯಲ್ಲಿ ಇಳಿದವರೆಲ್ಲ ಧೂಳಿಗೆ ಹೆದರಿ ಮುಖಕ್ಕೆ ಬಟ್ಟೆ ಕಟ್ಟಿದರು. ನಾನೂ ವೇಲ್ ಬಿಗಿದುಕೊಂಡೆ.

ಪೀಣ್ಯದಲ್ಲಿ ಶಿವು ತಗಡಿನ ಕೆಲಸದ ಸಣ್ಣ ಶೆಡ್ ನಡೆಸುತ್ತಿದ್ದ. ಸ್ವೀಡನ್ನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಹಾಕಿಕೊಂಡು ನೋಡಲೆಂದು, ನೂರಾರು ವರ್ಷ ಹಿಂದಿನ ಎಸ್ಕಿಲ್ ಎಂಬ ಸರದಾರನ, ಮುಖವನ್ನೂ ಪೂರ್ತಿ ಮುಚ್ಚುವ ಶಿರಸ್ತ್ರಾಣದ ನಕಲು ಮಾಡಿಕೊಡಲು ಒಪ್ಪಿದ್ದ. ಕೆಲಸ ಮುಗಿಯುತ್ತ ಬಂದಾಗ ಕೆಲಸಗಾರರು ಕೈಕಟ್ಟಿ ಕೂತರು. ಸತ್ತವನ ತಲೆಯ ಸಾಮಾನು, ಅವನು ಯಾರು, ಹೇಗೆ ಸತ್ತ ಎಂದು ತಿಳಿಯದೆ ಮುಟ್ಟುವುದಿಲ್ಲ ಅಂದರು. ಇತಿಹಾಸ ಪಾಠ ಮಾಡುವ ಅಕ್ಕ ಇರುವುದು ಮತ್ತೆ ಯಾತಕ್ಕೆ ಎಂದು ಶಿವು ನನ್ನನ್ನು ಕರೆಸಿದ.

"ಅವಾ ಹ್ಯಾಂಗ ಸತ್ತಾನ್ರೀ ಅಕ್ಕಾರ?" ಕೇಳಿದವನು ಯಾದಗಿರಿ ಕಡೆಯ ವೆಲ್ಡರ್ ಬಸಣ್ಣ.

ಹೇಳಿದೆ. ಎಸ್ಕಿಲ್ ನಮ್ಮ ಪಾಳೇಗಾರರಂಥವನು. ಹಳ್ಳಿಗಳಿಂದ ಕಂದಾಯ ಎತ್ತಿ, ರಾಜನಿಗೆ ಸವಾರರನ್ನು ಕೊಟ್ಟು, ಕಲ್ಲಿನ ಮನೆ ಕಟ್ಟಿಕೊಂಡಿದ್ದ. ಒಂದು ಚಳಿಗಾಲದಲ್ಲಿ ಕಾಳಗಕ್ಕೆ ಹೊರಟವನು, ಸುತ್ತಿ ಹೋಗಲು ಬೇಸರಪಟ್ಟು ಹೆಪ್ಪುಗಟ್ಟಿದ ಕೆರೆಯ ಮೇಲೆ ಕುದುರೆ ಬಿಟ್ಟ. ಮಂಜುಗಡ್ಡೆ ಒಡೆಯಿತು. ಜೊತೆಯವರು ದಡಕ್ಕೆ ಎಳೆದು ಹಾಕಿದರೂ ಹೆಪ್ಪುಗಟ್ಟಿದ್ದ ಗದ್ದದ ಕೆಳಗಿನ ಚಿಲಕ ಬಿಚ್ಚಲು ಬರಲಿಲ್ಲ. ಶಿರಸ್ತ್ರಾಣದೊಳಗೇ ಉಸಿರುಗಟ್ಟಿ ಸತ್ತ. ಅವನ ಹೆಂಡತಿ ಅಲ್ಲೊಂದು ಸೇತುವೆ ಕಟ್ಟಿಸಿದಳು. ಜನ ಈಗಲೂ ಅದರ ಮೇಲೇ ಓಡಾಡುತ್ತಾರಂತೆ.

ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು. "ನಾ ಇನ್ನ ಇದನ್ನ ಮುಟ್ಟಂಗಿಲ್ರಿ" ಎಂದು ಬಸಣ್ಣ ಎದ್ದ.

ನಮ್ಮ ಶಿವು ಚಿಕ್ಕಂದಿನಿಂದಲೂ ಹೆದರುವವರ ಮುಂದೆ ಹುಲಿ. "ಇದ್ರೊಳ್ಗೆ ದೆವ್ವ ಕೂತಿದ್ಯಾ? ನೋಡ್ಕೊಳ್ರೋ" ಎಂದು ತಲೆಗೆ ಹಾಕಿಕೊಂಡು ಗದ್ದದ ಬಳಿ ಒತ್ತಿದ. ಚಿಲಕ ಕಟಕ್ಕೆಂದು ಕೂತಿತು.

ಸಾಗಿಸುವಾಗ ಕದಲದಿರಲೆಂದು ಅಲುಗಾಡುವ ಭಾಗಕ್ಕೆ ಮೊದಲೇ ಒಂದು ಚುಕ್ಕೆ ವೆಲ್ಡ್ ಹಾಕುವುದು ಅಲ್ಲಿನ ವಾಡಿಕೆ. ಪಾಲಿಷ್‌ಗೆ ಹೊರಟಿದ್ದ ಇದರ ಮುಖದ ಮುಚ್ಚಳಕ್ಕೂ ಹಾಕಿದ್ದರು. ಚಿಲಕ ಬಿಚ್ಚುವ ಗುಂಡಿ ಆ ಮುಚ್ಚಳದ ಹಿಂದೆಯೇ ಇದ್ದದ್ದನ್ನು ಶಿವು ಮರೆತಿದ್ದ. ಕಣ್ಣಿನ ಸೀಳನ್ನೂ ಉಸಿರಿನ ತೂತುಗಳನ್ನೂ ಇನ್ನೂ ಕೊರೆದಿರಲಿಲ್ಲ. ಶಿವುಗೆ ಉಬ್ಬಸ ಬೇರೆ.

ಮೊದಲು ನಕ್ಕ. ಆಮೇಲೆ ಕೊಡದೊಳಗಿಂದ ಬಂದಂಥ ದನಿಯಲ್ಲಿ "ಅಕ್ಕ, ತೆಗೆಯೋಕೆ ಬರ್ತಿಲ್ಲ ಕಣೇ" ಅಂದ.

ಕರೆಂಟಿರಲಿಲ್ಲ. ಇದ್ದಿದ್ದರೂ ಮುಖದ ಅಷ್ಟು ಹತ್ತಿರ ಗ್ರೈಂಡರ್ ಹಿಡಿಯುವಂತಿರಲಿಲ್ಲ. ಮುಟ್ಟುವುದಿಲ್ಲ ಎಂದಿದ್ದ ಬಸಣ್ಣನೇ ಉಳಿ ಸುತ್ತಿಗೆ ತಂದ. ಶಿವುನನ್ನು ಮಲಗಿಸಿ ಕೈ ಹಿಡಿದುಕೊಂಡೆ. ಒಂದೊಂದು ಏಟಿಗೂ ಅವನ ಉಗುರು ನನ್ನ ಅಂಗೈಗೆ ನಾಟುತ್ತಿತ್ತು. ಒಳಗಿನಿಂದ ಉಬ್ಬಸದ ಸೀಟಿ ಕೇಳುತ್ತಿತ್ತು. ಅದು ನಿಂತಿತು. ಕೈ ಸಡಿಲವಾಯಿತು. ನಾನು ಅಷ್ಟು ಹೆದರಿದ್ದು ಜೀವನದಲ್ಲಿ ಅದೊಂದೇ ಸಲ.

"ಜೋರಾಗಿ ಹೊಡಿ ಬಸಣ್ಣ."

"ಕಿವಿ ಹೋದೀತ್ರೀ ಅಕ್ಕಾರ."

"ಹೋಗ್ಲಿ."

ಚುಕ್ಕೆ ಸೀಳಿತು. ಮುಚ್ಚಳ ಎತ್ತಿದರೆ ನೀಲಿಗಟ್ಟಿದ ತುಟಿ. ನಾನು ಕೆನ್ನೆಗೆ ಹೊಡೆದೆ. ಕೊನೆಗೆ ಬಾವಿಯ ರಾಟೆ ಕಿರುಗುಟ್ಟಿದ ಹಾಗೆ ಉಸಿರು ಎಳೆದುಕೊಂಡ. ಬಸಣ್ಣ ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟ.

ಚಿಲಕ ಬಿಚ್ಚಿ, ಶಿವುನನ್ನು ಡಾಕ್ಟರಿಗೆ ತೋರಿಸಿ ವಾಪಸು ಬಂದು ಚಹಾ ಕುಡಿದೆವು. ಶಿವು ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟು ತಿರುಗಿಸಿ ನೋಡಿದ. ಆಮೇಲೆ "ಇದನ್ನ ಹಾಕ್ಕೊಳೋದು ಮಕ್ಳು ಕಣೇ. ಚಿಲಕ ಇಡಲ್ಲ ಅಂತ ಮ್ಯೂಸಿಯಮ್ಮಿನೋರ್ಗೆ ಇಂಗ್ಲಿಷಲ್ಲಿ ಬರ್ದುಕೊಡು" ಅಂದ.

"ಆರ್ಡರ್ ಹೋದ್ರೆ?"

"ಹೋಗ್ಲಿ."

ನಾನು ಬರೆಯುತ್ತಿದ್ದಾಗ ಬಸಣ್ಣ ಅರ ಹಿಡಿದು ಚಿಲಕದ ನಾಲಿಗೆಯನ್ನು ಪೂರ್ತಿ ಉಜ್ಜಿ ಹಾಕಿದ.

ಸಂಜೆ ಬಸ್ಸಿನಲ್ಲಿ ಕಿಟಕಿ ಮುಚ್ಚಲು ಬರುತ್ತಿರಲಿಲ್ಲ. ಪಕ್ಕದ ಅಜ್ಜಿ, "ಮುಖ ಮುಚ್ಕೊಳವ್ವ, ಧೂಳು" ಅಂದರು. ವೇಲನ್ನು ಮೂಗಿನವರೆಗೆ ತಂದೆ. ಕಟ್ಟಲು ಆಗಲಿಲ್ಲ. ನೆಲಮಂಗಲದವರೆಗೂ ಬಾಯಿ ತೆರೆದುಕೊಂಡೇ ಧೂಳು ಕುಡಿದೆ.