ಅಮ್ಮಿಯ ಗೋಡೆಗೆ ಬಿಳಿ

ಗೋಡೆಗೆ ಬಳಿಯುವ ಬಿಳಿ ಬಣ್ಣದ ವಾಸನೆ ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ, ಕಾಲೇಜು ಮುಗಿಸಿ ನನ್ನ ಬಾಡಿಗೆ ಕೋಣೆಗೆ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮಹಡಿಯಲ್ಲಿ ಯಾರೋ ಮನೆ ಖಾಲಿ ಮಾಡಿದ್ದರು. ಬಾಗಿಲು ಹಾರುಹೊಡೆದಿತ್ತು, ನೆಲದ ತುಂಬ ರಟ್ಟು ಹಾಸಿತ್ತು, ಒಬ್ಬಾತ ಗೋಡೆಗೆ ರೋಲರ್ ಆಡಿಸುತ್ತಿದ್ದ. ಸುಣ್ಣದ ವಾಸನೆಯಾದರೆ ತಂಪು, ಹಬ್ಬ ಬಂತು ಅನ್ನಿಸುತ್ತದೆ. ಇದು ಹಾಗಲ್ಲ. ಒದ್ದೆ ಪ್ಲಾಸ್ಟಿಕ್ಕಿಗೆ ಹುಳಿ ಹಾಲು ಬೆರೆಸಿದಂಥ ವಾಸನೆ, ಗಂಟಲಿಗೇ ಬಂದು ಕೂರುತ್ತದೆ. ಆತ ನನ್ನನ್ನು ಕಂಡು ನಗುತ್ತಾ 'ಹೇಯ್' ಅಂದ. ನಾನು ಮುಖ ಗಂಟಿಕ್ಕಿಕೊಂಡು ಮೇಲೆ ಹೋದೆ. ಪಾಪ, ಅವನೇನು ಮಾಡಿಯಾನು? ಅವನ ಕೆಲಸ ಅದು. ಆದರೆ ಅಮ್ಮಿ ತೀರಿಹೋಗಿ ಮೂರು ವರ್ಷವಾದರೂ ಆ ವಾಸನೆಯ ಮೇಲಿನ ನನ್ನ ಸಿಟ್ಟು ಒಂದು ಚೂರೂ ಇಳಿದಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹೋದ ಮೇಲೆ, ಅವರ ಕೈ ಮುಟ್ಟಿದ್ದನ್ನು ಇನ್ಯಾರೋ ಅವಸರ ಅವಸರವಾಗಿ ಎತ್ತಿಟ್ಟು ಚೊಕ್ಕ ಮಾಡಿದ್ದರೆ, ನಾನು ಯಾವ ಸಿಟ್ಟಿನ ಮಾತಾಡುತ್ತಿದ್ದೇನೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮಿ ಚಿತ್ರ ಬರೆಯುತ್ತಿದ್ದಳು. ಅವಳ ತಂದೆ ದಾವಣಗೆರೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವವರು. ಅವರ ಜೊತೆ ಗೋಡೆಗಳ ಮುಂದೆಯೇ ಬೆಳೆದವಳು ಅವಳು. ಎರಡು ಸಾವಿರದ ಹತ್ತರ ಸುಮಾರಿಗೆ ನನ್ನ ತಂದೆ ಅಬ್ಬುವಿಗೆ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸ ಸಿಕ್ಕಿ ನಾವು ಬೆಂಗಳೂರು ಬಿಟ್ಟಾಗ ನನಗೆ ಒಂಬತ್ತು ವರ್ಷ. ಸ್ವೀಡನ್ನಿನಲ್ಲಿ ಮನೆ ಸಿಗುವುದೆಂದರೆ ಹೆಣ್ಣು ಸಿಕ್ಕಷ್ಟೇ ಕಷ್ಟ ಎಂದು ಅಬ್ಬುವಿನ ಸ್ನೇಹಿತರು ತಮಾಷೆ ಮಾಡುತ್ತಿದ್ದರು. ನಮಗೆ ಸಿಗುತ್ತಿದ್ದುದೆಲ್ಲ ಯಾರದೋ ಮನೆ, ಅವರು ವಾಪಸ್ ಬರುವವರೆಗೆ ಮಾತ್ರ. ಬಿಡುವಾಗ ಗೋಡೆ ಬೆಳ್ಳಗಿರಬೇಕು ಎಂದು ಪ್ರತಿ ಕರಾರಿನಲ್ಲೂ ಬರೆದಿರುತ್ತಿತ್ತು. ಆ ಬಿಳಿಯನ್ನು ಅಮ್ಮಿಗೆ ಒಂದು ವಾರವೂ ತಡೆಯಲಾಗಲಿಲ್ಲ. "ಆಸ್ಪತ್ರೇಲಿ ಇದ್ದಂಗಿದೆ" ಅಂದವಳೇ ಅಡುಗೆಮನೆಯ ಗೋಡೆಗೆ ಕೈ ಹಾಕಿದಳು. ಕ್ಯಾನ್ವಾಸ್ ತಂದುಕೊಡುತ್ತೇನೆ ಎಂದು ಅಬ್ಬು ಅಂಗಲಾಚಿದರು. "ಕ್ಯಾನ್ವಾಸ್ ಆದ್ರೆ ಯಾರಾದ್ರೂ ನೋಡೋಕೆ ಬರ್ತಾರಾ ಅಂತ ಕಾಯ್ಕೊಂಡು ಕೂರ್ಬೇಕು. ಗೋಡೆ ಆದ್ರೆ ದಿನಾ ಮೂರು ಹೊತ್ತು ಊಟ ಮಾಡ್ತಾ ನಾವೇ ನೋಡ್ತೀವಿ" ಎಂದಳು. ನಾನು ಶಾಲೆಗೆ ಹೊರಟ ಮೇಲೆ ಅವಳ ಕೆಲಸ ಶುರು. ತಲೆಗೆ ಹಳೆಯ ದುಪಟ್ಟಾ ಬಿಗಿದು, ಕುಕ್ಕರ್ ಕೂಗುವವರೆಗೆ ಗೋಡೆಯ ಮುಂದೆ, ಕೂಗಿದ ಮೇಲೆ ಒಲೆಯ ಮುಂದೆ, ಮತ್ತೆ ಗೋಡೆಯ ಮುಂದೆ. ಬಣ್ಣ ಕಲಸಲು ಡಬ್ಬಿಗಳ ಸ್ಟೀಲ್ ಮುಚ್ಚಳ. ಎಷ್ಟೋ ಸಲ ನನ್ನ ಊಟದ ಡಬ್ಬಿಯ ಚಪಾತಿಯ ಮೇಲೆ ಅವಳ ನೀಲಿ ಹೆಬ್ಬೆರಳಿನ ಗುರುತು ಇರುತ್ತಿತ್ತು. ಅದನ್ನು ಕಂಡು ಸ್ವೀಡಿಷ್ ಗೆಳತಿಯರು ಮುಖ ಸಿಂಡರಿಸಿದರೆ ನಾನು ಬೇಕೆಂದೇ ಆ ಭಾಗವನ್ನು ಮೊದಲು ತಿನ್ನುತ್ತಿದ್ದೆ. ಗೋಡೆಯ ತಳಭಾಗ ನನ್ನದು. ಮನೆಯಲ್ಲಿ ನಾವು ಉರ್ದು ಮಾತಾಡಿದರೂ ಬೋರ್ಡು ಬರೆಯುವವರ ಮಗಳಿಗೆ ಅಕ್ಷರ ಎಂದರೆ ಕನ್ನಡದ ಅಕ್ಷರವೇ. ಅವಳು ಮೇಲೆ ಸಮುದ್ರ ಬರೆಯುತ್ತಿದ್ದರೆ ನಾನು ಕೆಳಗೆ ಕೂತು ಒತ್ತಕ್ಷರ ತಿದ್ದುತ್ತಿದ್ದೆ. ಇವತ್ತು ನಾನು ಹೀಗೆ ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಆ ಗೋಡೆಗಳ ಋಣ.

ಬೇಸಿಗೆ ಬಂತೆಂದರೆ ಹಳೆಯ ಕಾರಿನಲ್ಲಿ ಪ್ರವಾಸ. ಪುಳಿಯೋಗರೆ, ಕಬಾಬು, ಚಹಾದ ಫ್ಲಾಸ್ಕು, ಹಿಂದಿನ ಸೀಟಿನಲ್ಲಿ ನಾನು. ಅಮ್ಮಿಯದು ಒಂದೇ ಕಾನೂನು, ಫೋಟೋ ತೆಗೆಯುವಂತಿಲ್ಲ, ನೋಡಿದ ಜಾಗದ್ದೂ ಇಲ್ಲ, ಬರೆದ ಗೋಡೆಯದೂ ಇಲ್ಲ. ಅವಳೂ ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಬೋಹುಸ್ಲೇನ್ ಕರಾವಳಿಯ ನುಣ್ಣನೆಯ ಬಂಡೆಗಳ ಮೇಲೆ ಸುಮ್ಮನೆ ಕಾಲು ಚಾಚಿ ಕೂತು, ಬಿಸಿಲು ಕಾಯುತ್ತಾ, ನೋಡುತ್ತಿದ್ದಳು ಅಷ್ಟೇ. ವಾಪಸ್ ಬರುವ ದಾರಿಯಲ್ಲಿ ನಮ್ಮ ಪರೀಕ್ಷೆ. "ನೂರಿ, ಆ ದೋಣಿಮನೆ ಬಾಗಿಲು ಯಾವ ಬಣ್ಣ? ದೋಣಿ ಯಾವ ಕಡೆ ವಾಲಿತ್ತು?" ನಾನು ಕೆಂಪು ಅಂದರೆ ಅಬ್ಬು ಹಸಿರು ಅನ್ನುತ್ತಿದ್ದರು. ಲ್ಯಾಬಿನಲ್ಲಿ ಒಂದು ಹನಿ ಹೆಚ್ಚುಕಡಿಮೆಯಾಗಲು ಬಿಡದ ಮನುಷ್ಯ, ಹೊರಗೆ ನೋಡಿದ್ದೆಲ್ಲ ತಪ್ಪು ತಪ್ಪು ನೆನಪಿಟ್ಟುಕೊಳ್ಳುತ್ತಿದ್ದರು. ಒಮ್ಮೆ ಸಮುದ್ರದ ಬಂಡೆಯ ಮೇಲೆ ಹಸುಗಳಿದ್ದವು ಎಂದು ಹಟ ಹಿಡಿದರು. "ಅಲ್ಲಿ ಹಸು ಎಲ್ಲಿಂದ ಬರುತ್ತೆ ರೀ, ಈಜ್ಕೊಂಡು ಬಂತಾ?" ಎಂದು ಅಮ್ಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಗೋಡೆಯ ಮೇಲೆ ಹಸುಗಳನ್ನು ಬರೆದೇಬಿಟ್ಟಳು. ಹೀಗೆ ನಮ್ಮ ಮೂವರ ಜಗಳವೆಲ್ಲ ಕೂಡಿ ಅವಳ ಚಿತ್ರವಾಗುತ್ತಿತ್ತು. ಎಲ್ಲಿಂದ ಹೊಳೆಯುತ್ತೆ ನಿಮಗೆ ಎಂದು ಯಾರಾದರೂ ಕೇಳಿದರೆ, "ಹಿಂದಿನ ಸೀಟಿಂದ" ಅನ್ನುತ್ತಿದ್ದಳು.

ಕೇಳುವವರಾದರೂ ಎಂಥವರು! ಈದ್‌ಗೆ, ಇಫ್ತಾರ್‌ಗೆ ಕರ್ನಾಟಕದ ನಾಲ್ಕಾರು ಕುಟುಂಬಗಳು ನಮ್ಮಲ್ಲಿ ಸೇರುತ್ತಿದ್ದವು. ಮನುಷ್ಯರ ಮುಖಗಳಿರುವ ಗೋಡೆಯೆದುರು ನಮಾಜು ಮಾಡಲು ಅವರಿಗೆ ಕಷ್ಟವಾಗಬಾರದೆಂದು ಅಮ್ಮಿಯೇ ಮುಂಚಿತವಾಗಿ ಬೆಡ್‌ಶೀಟ್ ಕಟ್ಟುತ್ತಿದ್ದಳು. ಅದರ ಬಗ್ಗೆ ನನಗೆ ತಕರಾರಿಲ್ಲ. ಅವಳೂ ಐದು ಹೊತ್ತು ನಮಾಜು ಮಾಡುವವಳೇ. ಬಿರಿಯಾನಿ ಮುಗಿಸಿ ಬೆಡ್‌ಶೀಟ್ ಎತ್ತಿ ಇಣುಕುವವರ ಮಾತು ಕೇಳಿದರೆ ಮಾತ್ರ ನನಗೆ ರೇಗುತ್ತಿತ್ತು. "ಟೈಮ್‌ಪಾಸ್‌ಗೆ ಚೆನ್ನಾಗಿದೆ ಭಾಭಿ. ಜಾಬ್ ಏನಾದ್ರೂ ಟ್ರೈ ಮಾಡ್ತಿದ್ದೀರಾ?" "ನಮ್ ಮಗಳ ಬರ್ತ್‌ಡೇಗೆ ಒಂದು ಬ್ಯಾನರ್ ಮಾಡ್ಕೊಡಿ, ನಿಮ್ಗೇನು, ಐದು ನಿಮಿಷದ ಕೆಲ್ಸ." ಐದು ನಿಮಿಷವಂತೆ! ಅಬ್ಬು ಆಗ ಏನಾದರೂ ಅನ್ನಬಹುದಿತ್ತು. ಅವರು ನಕ್ಕು ಚಹಾ ತರಲು ಎದ್ದು ಹೋಗುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಮನೆಯವರ ಮನಸ್ಸು ಅವರ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಮೊದಲನೆಯ ಮನೆ ಬಿಡುವ ದಿನ ನಾನು ಬಾಗಿಲ ಮೂಲೆಯಲ್ಲಿ ನಿಂತು ಗೋಳೋ ಎಂದು ಅತ್ತೆ. ಅಬ್ಬು ಬಕೆಟ್ಟುಗಟ್ಟಲೆ ಬಿಳಿ ಬಣ್ಣ ತಂದಿದ್ದರು. ಅಮ್ಮಿ ನನ್ನ ಕೈಗೆ ಒಂದು ರೋಲರ್ ಕೊಟ್ಟು, "ಸೈಡಲ್ಲಿ ನಿಂತು ಅಳ್ಬೇಡ. ಬಂದು ಬಳಿ. ನಾವು ಮಾಡಿದ್ದನ್ನ ನಾವೇ ಮುಚ್ಬೇಕು, ಬೇರೆಯವ್ರ ಕೈಗೆ ಬಿಡ್ಬಾರ್ದು" ಅಂದಳು. ಮೊದಲು ಮುಖಗಳನ್ನು ಮುಚ್ಚಿದಳು, ಆಮೇಲೆ ಸಮುದ್ರ, ಆಮೇಲೆ ಹಸುಗಳು. ಬಂಡೆಗಳ ಮೇಲೆ ಅಬ್ಬು ಬಳಿದರು. ನನ್ನ ಅಕ್ಷರಗಳನ್ನು ನಾನೇ ಮುಚ್ಚಿದೆ. ಆಮೇಲೆ ಖಾಲಿ ಮನೆಯ ನೆಲದ ಮೇಲೆ ಪೇಪರ್ ಹಾಸಿ ಕೂತು, ಇಡ್ಲಿ ಚಟ್ನಿ ತಿಂದು, ಒಬ್ಬರ ಮೂಗಿನ ಮೇಲಿನ ಬಣ್ಣ ನೋಡಿ ಒಬ್ಬರು ನಕ್ಕೆವು. ಎರಡನೆಯ ಮನೆಯಲ್ಲೂ ಹಾಗೆಯೇ ಮಾಡಿದೆವು. ಅಳು ಬರುತ್ತಿತ್ತು, ಆದರೆ ಮೂವರೂ ಸೇರಿ ಮಾಡಿದ್ದರಿಂದ ಸಹಿಸಿಕೊಳ್ಳಲು ಆಗುತ್ತಿತ್ತು.

ಮೂರನೆಯ ಮನೆ ಗುನಿಲ್ಲಾ ಎಂಬ ನಿವೃತ್ತ ಟೀಚರ್‌ದು. ಅಲ್ಲಿಗೆ ಬಂದ ಎರಡನೇ ವರ್ಷ ಅಮ್ಮಿಗೆ ಕಾಯಿಲೆ ಎಂದು ಗೊತ್ತಾಯಿತು. ಚಿಕಿತ್ಸೆಯ ನಡುವೆ ಸ್ವಲ್ಪ ಚೇತರಿಸಿಕೊಂಡ ಬೇಸಿಗೆಯಲ್ಲಿ, ಎಲ್ಲರೂ ಬೇಡವೆಂದರೂ, ಅವಳು ಹಟ ಹಿಡಿದು ನಮ್ಮನ್ನು ಓಲಾಂಡ್ ದ್ವೀಪಕ್ಕೆ ಹೊರಡಿಸಿದಳು. ಉದ್ದನೆಯ ಸೇತುವೆ, ಚಪ್ಪಟೆ ಬಯಲು, ತಗ್ಗು ಕಲ್ಲುಗೋಡೆಗಳು, ಮರದ ಹಳೆಯ ಗಾಳಿಯಂತ್ರಗಳು. ಗಾಳಿಯೋ ಗಾಳಿ. ಅವಳು ಇಳಿಯಲಿಲ್ಲ, ಕಾರಿನ ಬಾಗಿಲು ತೆರೆದುಕೊಂಡು, ನನ್ನ ಸ್ವೆಟರ್ ಹೊದ್ದು ಕೂತಲ್ಲಿಂದಲೇ ನೋಡಿದಳು. ಬರುವಾಗ ಪರೀಕ್ಷೆ ಮಾಡಿದಳು. ಆ ಚಳಿಗಾಲ ಪೂರ್ತಿ ಹಾಲ್‌ನ ಉದ್ದದ ಗೋಡೆಯ ಮೇಲೆ ಓಲಾಂಡ್ ಎದ್ದು ನಿಂತಿತು. ಕೈಗೆ ಶಕ್ತಿ ಸಾಲದಾದಾಗ ಸೋಫಾದ ಮೇಲಿಂದ ನಮಗೆ ಹೇಳಿ ಬರೆಸಿದಳು. ಒಂದು ಗಾಳಿಯಂತ್ರವನ್ನು ಅಬ್ಬು ಬರೆದರು. ಜನ್ಮದಲ್ಲಿ ಬ್ರಷ್ ಹಿಡಿಯದವರು, ನಾಲಿಗೆ ಕಚ್ಚಿಕೊಂಡು, ಒಂದು ಇಡೀ ಭಾನುವಾರ. ಅದು ಸೊಟ್ಟಗೆ ಬಂತು. ತಿದ್ದಲಾ ಎಂದು ನಾನು ಹೋದರೆ, "ಮುಟ್ಟಬೇಡ, ಈ ಗೋಡೇಲಿ ಚೆನ್ನಾಗಿರೋದು ಅದೊಂದೇ" ಅಂದಳು. ಅಬ್ಬು ನಾಚಿಕೊಂಡರು.

ಫೆಬ್ರವರಿಯಲ್ಲಿ ಅಮ್ಮಿ ಹೋದಳು. ಕೊನೆಯ ಸ್ನಾನ ಮಾಡಿಸಲು ನಮ್ಮ ಪರಿಚಯದ ಹೆಂಗಸರೇ ಬಂದರು, ಅದೇ ಬರ್ತ್‌ಡೇ ಬ್ಯಾನರಿನವರು. ಸುಳ್ಳು ಹೇಳಬಾರದು, ಅಳುತ್ತಲೇ ಎಲ್ಲವನ್ನೂ ಪ್ರೀತಿಯಿಂದ ಮಾಡಿದರು. ಗಂಡ ಹೆಂಡತಿಗೆ ಆ ಸ್ನಾನ ಮಾಡಿಸುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಅಬ್ಬು ಕಾರಿಡಾರಿನಲ್ಲಿ ನಿಂತರು. ಮಗಳು ಮಾಡಿಸಬಹುದು. ಆದರೆ "ಮಗು ಹೆದರ್ಕೊಳ್ಳುತ್ತೆ, ಬೇಡ" ಎಂದು ನನ್ನನ್ನೂ ಹೊರಗೆ ನಿಲ್ಲಿಸಿದರು. ಹದಿನಾರು ವರ್ಷದ ನಾನು ಮಗುವಂತೆ. ಆಗಲೂ ಅಬ್ಬು ನನ್ನ ಪರವಾಗಿ ಒಂದು ಮಾತಾಡಲಿಲ್ಲ. ಒಳಗೆ ನೀರಿನ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಅಕ್ಕಪಕ್ಕ ನಿಂತು ನೆಲ ನೋಡುತ್ತಿದ್ದೆವು.

ಆ ವಸಂತದಲ್ಲಿ ಗುನಿಲ್ಲಾ ತನ್ನ ಮಗಳಿಗಾಗಿ ಮನೆ ವಾಪಸ್ ಕೇಳಿದಳು. ಕೇಳಲಿ, ಅವಳ ಮನೆ. ಓಲಾಂಡನ್ನು ಬಿಟ್ಟು ಹೋಗಬೇಕು ಎಂದು ನನಗೆ ಗೊತ್ತಿತ್ತು. ಮುಚ್ಚುವ ದಿನಕ್ಕಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ, ಯಾವ ಮೂಲೆಯಿಂದ ಶುರು ಮಾಡಬೇಕು ಎಂದು ಕೂಡ ಯೋಚಿಸಿದ್ದೆ. ಒಂದು ಬುಧವಾರ ಶಾಲೆಯಿಂದ ಬಂದು ಬಾಗಿಲು ತೆಗೆದರೆ ಆ ವಾಸನೆ. ಹಾಲ್‌ನ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬಿಳಿ. ಅಬ್ಬು ರಜೆ ಹಾಕಿ, ಒಬ್ಬರೇ, ಎಲ್ಲ ಮುಗಿಸಿ, ಸಿಂಕಿನಲ್ಲಿ ರೋಲರ್ ತೊಳೆಯುತ್ತಿದ್ದರು. ನಾನು ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆನೋ ನೆನಪಿಲ್ಲ. ಅಬ್ಬು ತಿರುಗಿ ನೋಡಲಿಲ್ಲ. "ಕಾಂಟ್ರಾಕ್ಟ್‌ನಲ್ಲಿ ಇದೆಯಲ್ಲಮ್ಮ" ಅಂದರು. ಅಷ್ಟೇ. ಒಂದು ಫೋಟೋ ಇಲ್ಲ, ಒಂದು ಗೆರೆ ಇಲ್ಲ. ಅವಳ ಕಾನೂನು ನಾವು ಕೊನೆಯವರೆಗೂ ಪಾಲಿಸಿದ್ದೆವು.

ಮರುವಾರ ಮನೆ ನೋಡಲು ಗುನಿಲ್ಲಾ ಬಂದಳು. ಹಾಲ್‌ಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಅಮ್ಮಿಯನ್ನು ನೋಡಲು ಬಂದಾಗ ಕಂಡಿದ್ದ ಆ ಗೋಡೆಯನ್ನು ಹಾಗೇ ಬಿಡಿ ಎಂದು ಹೇಳಲೆಂದೇ ಬಂದಿದ್ದಳಂತೆ, ಮಗಳಿಗೆ ಅದು ಬೇಕಿತ್ತಂತೆ. "ನೀವು ಒಂದು ಮಾತು ಕೇಳಬಹುದಿತ್ತು" ಎಂದಳು, ಕಣ್ಣು ಒದ್ದೆಯಾಗಿತ್ತು. ಒಂದು ಮಾತು! ಈ ದೇಶದಲ್ಲಿ ನಾವು ಎಲ್ಲ ನಿಯಮಗಳನ್ನೂ ಅವರು ಕೇಳಿದ್ದಕ್ಕಿಂತ ಹೆಚ್ಚಾಗಿ ಪಾಲಿಸಿದೆವು, ಯಾರನ್ನೂ ಒಂದು ಮಾತು ಕೇಳಲಿಲ್ಲ. ಅಬ್ಬು ಎಂದಿನಂತೆ ನಕ್ಕು, ಪರವಾಗಿಲ್ಲ ಎಂದು ಹೇಳಿ, ಅವಳಿಗೆ ಇಲ್ಲಿನವರ ಫೀಕಾ ಎಂದು ಕಾಫಿ, ಬಿಸ್ಕತ್ತು ತಂದಿಟ್ಟರು. ಆ ಕಪ್ಪನ್ನು ಎತ್ತಿ ಬಿಳಿ ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು. ಅಂದಿನಿಂದ ನಾನು ಅಬ್ಬು ಜೊತೆ ಊಟ, ಶಾಲೆ, ಬಸ್ಸು, ಇಷ್ಟೇ ಮಾತಾಡಿದ್ದು. ಸೀಟು ಸಿಕ್ಕಿದ ತಕ್ಷಣ ನಾರ್‌ಶೋಪಿಂಗ್‌ಗೆ ಬಂದುಬಿಟ್ಟೆ.

ಮೊನ್ನೆ ಮೆಟ್ಟಿಲು ಹತ್ತಿ ಕೋಣೆಗೆ ಬಂದವಳೇ, ಬೂಟು ಕೂಡ ಬಿಚ್ಚದೆ ಅಬ್ಬುವಿಗೆ ಫೋನ್ ಮಾಡಿದೆ. ಹೇಗಿದ್ದೀರಿ ಎಂದು ಸಹ ಕೇಳಲಿಲ್ಲ. "ಆ ಗೋಡೆ ಯಾಕೆ ಅಳಿಸಿದ್ರಿ?" ಎಂದೆ. ಕಾಂಟ್ರಾಕ್ಟ್ ಎಂದರೆ ಫೋನ್ ಇಟ್ಟುಬಿಡುವುದು ಎಂದುಕೊಂಡಿದ್ದೆ.

ಅಬ್ಬು ಕಾಂಟ್ರಾಕ್ಟ್ ಎನ್ನಲಿಲ್ಲ. "ಅವಳಿಗೆ ಕೊನೇ ಸ್ನಾನ ಮಾಡಿಸೋ ಹಾಗಿರ್ಲಿಲ್ಲ ನಾನು. ಪದ್ಧತಿ, ಸರಿ ಅಂದೆ, ಹೊರಗೆ ನಿಂತೆ. ಆಮೇಲೆ ಆ ಗೋಡೆ ಒಂದಿತ್ತು, ನೂರಿ. ಅದನ್ನಾದ್ರೂ ನನ್ನ ಕೈಯಾರೆ ಮಾಡ್ಬೇಕು ಅನ್ನಿಸ್ತು. ಮುಖ ಮೊದಲು ಮುಚ್ಚಿದೆ, ಅವಳು ಮಾಡ್ತಿದ್ದ ಹಾಗೆ. ಬೇರೆ ಏನೂ ಗೊತ್ತಾಗ್ಲಿಲ್ಲ ನಂಗೆ."

ಮೂರು ವರ್ಷ ಈ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಸಿಟ್ಟು ತಿಂದಿದ್ದರು. ಕರಗಬೇಕಿತ್ತು ನಾನು. ಕರಗಲಿಲ್ಲ, ಇನ್ನಷ್ಟು ಉರಿಯಿತು. "ನನ್ನೂ ಒಳಗೆ ಬಿಡ್ಲಿಲ್ಲ ಅಬ್ಬು! ನಿಮ್ಮ ಪಕ್ಕದಲ್ಲೇ ನಿಂತಿದ್ದೆ ನಾನು. ಮೂರು ಗಂಟೆಗೆ ಸ್ಕೂಲಿಂದ ಬರ್ತಿದ್ದೆ. ಅಷ್ಟು ಹೊತ್ತು ಕಾಯೋಕಾಗ್ಲಿಲ್ವಾ ನಿಮ್ಗೆ?"

"ಕಾದಿದ್ರೆ ನಿನ್ನ ಮುಖ ನೋಡಿ ನನ್ನ ಕೈಲಿ ಆಗ್ತಿರ್ಲಿಲ್ಲಮ್ಮ" ಅಂದರು.

ನಿಜವಿರಬಹುದು. ನಿಜವಾದರೂ ನಾನು ಅವರನ್ನು ಕ್ಷಮಿಸಿಲ್ಲ, ಹಾಗೆಂದು ಅವರಿಗೆ ಹೇಳಿಯೂ ಹೇಳಿದೆ. ಬೇಡ, ಕ್ಷಮಿಸಬೇಡ ಎಂದರು. ಆಮೇಲೆ ಇಬ್ಬರೂ ಫೋನ್ ಇಡದೆ, ಅವರು ಅಲ್ಲಿ ನಾನು ಇಲ್ಲಿ, ಅತ್ತೆವು. ಅಮ್ಮಿ ಹೋದ ಮೇಲೆ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.