ಚಿಕ್ಕಮ್ಮನ ‘ಬಿಟ್ಟೆ’

ನಮ್ಮ ಚಿಕ್ಕಮ್ಮ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದವರನ್ನು ಎಬ್ಬಿಸಿ ನಡೆಸುವುದು ಅವಳ ಕೆಲಸ; ಮನೆಯಲ್ಲಿ ಹಾಯಾಗಿ ಕೂತವರನ್ನು ಎಬ್ಬಿಸುವುದು ಅವಳ ಚಟ. ನಾನು ಸೋಫಾದ ಮೇಲೆ ಕಾಲು ಚಾಚಿದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡ ಜರ್ಮನ್ ಹೆಂಗಸೊಬ್ಬರು ಅವಳ ಪಾಲಿಗೆ ಬಂದರು. ಆಪರೇಷನ್ ಆಗಿ ಕಾಲಿಗೆ ಬಲ ಬಂದಿತ್ತು, ಧೈರ್ಯ ಮಾತ್ರ ಬಂದಿರಲಿಲ್ಲ. ಚಿಕ್ಕಮ್ಮ ಕೈ ಸಡಿಲಿಸಿದರೆ ಚೀರಿ ಕೂತುಬಿಡುತ್ತಿದ್ದರು. ಯಾರ ಆಸರೆಯೂ ಇಲ್ಲದೆ ನಡೆಯುವ ತನಕ ವಿಮಾನದ ಮಾತೇ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅತ್ತ ಅವರ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಮೊಮ್ಮಗು ಹುಟ್ಟುವ ಹೊತ್ತಿಗೆ ಊರು ಸೇರಬೇಕೆಂದು ಆಕೆ ದಿನವೂ ಅಳುತ್ತಿದ್ದರು.

ಆಕೆಯ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಿಕ್ಕಮ್ಮ ಸುಮ್ಮನಿರುವವಳೇ? ‘ಸ್ಲೋಲಿ’, ‘ಒನ್ ಸ್ಟೆಪ್’, ‘ಪ್ಲೀಸ್’ ಎಂದು ಫೋನಿಗೆ ಇಂಗ್ಲಿಷಿನಲ್ಲಿ ಹೇಳಿ, ಅದು ಕೊಟ್ಟ ಜರ್ಮನ್ ಮಾತನ್ನು ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿದಳು. ನಿಧಾನಕ್ಕೆ ‘ಲಾಂಗ್ಸಾಮ್’, ಹೆಜ್ಜೆಗೆ ‘ಶ್ರಿಟ್’.

“ಬಿಟ್ಟೆ, ಬಿಟ್ಟೆ” ಎಂದಳು ಒಮ್ಮೆ.

“ಏನ್ ಬಿಟ್ಟೆ ಚಿಕ್ಕಮ್ಮಾ, ಕೆಲ್ಸಾನಾ?”

“ಪ್ಲೀಸ್ ಅನ್ನೋಕೆ ಹಾಗನ್ನೋದು ಕಣೇ, ಪೆದ್ದಿ!”

ಮರುದಿನ ಅವಳ ಒಂದು ಕೈಯಲ್ಲಿ ಜರ್ಮನ್ ಹೆಂಗಸು, ಇನ್ನೊಂದರಲ್ಲಿ ಮಂಡಿ ಆಪರೇಷನ್ನಿನ ನಮ್ಮವರೇ ಒಬ್ಬ ಅಜ್ಜ. ಆಕೆಯ ಕಡೆ ತಿರುಗಿ ಚಿಕ್ಕಮ್ಮ ಠೀವಿಯಿಂದ “ಬಿಟ್ಟೆ” ಎಂದಳು.

“ಅಯ್ಯಯ್ಯೋ, ಬಿಡ್ಬೇಡ ತಾಯಿ, ಬಿದ್ದೋಗ್ತೀನಿ!” ಎಂದು ಅಜ್ಜ ಕಂಬಿಗೆ ಜೋತುಬಿದ್ದರು. ವಾರ್ಡಿಗೆ ವಾರ್ಡೇ ನಕ್ಕಿತು.

ಏನಾಯಿತೆಂದು ಆಕೆ ಕಣ್ಣಲ್ಲೇ ಕೇಳಿದರು. ಚಿಕ್ಕಮ್ಮ ಅಜ್ಜನ ಕೈ ಹಿಡಿದಳು, ಬಿಟ್ಟಳು, “ಇದು ನಮ್ಮ ಬಿಟ್ಟೆ” ಎಂದಳು. ಆಸ್ಪತ್ರೆ ಸೇರಿದ ಮೇಲೆ ಆಕೆ ಬಾಯ್ತುಂಬ ನಕ್ಕಿದ್ದು ಆಗಲೇ. ಅಂದಿನಿಂದ ಚಿಕ್ಕಮ್ಮ ಬಿಟ್ಟೆ ಎಂದಾಗಲೆಲ್ಲ ಆಕೆ ಅನುಮಾನದಿಂದ ಕೈ ನೋಡಿಕೊಳ್ಳುತ್ತಿದ್ದರು. ಚಿಕ್ಕಮ್ಮ ಇನ್ನೂ ಬಿಗಿಯಾಗಿ ಹಿಡಿದು ತೋರಿಸುತ್ತಿದ್ದಳು. ಅವಳು ಯಾರಿಗೂ ಮೋಸ ಮಾಡಿ ನಡೆಸಿದವಳಲ್ಲ.

ಒಂದು ಬೆಳಗ್ಗೆ ಕಾರಿಡಾರಿನ ನಡುವೆ ಆಕೆ ತಟ್ಟನೆ ನಿಂತರು. ನೋವಾಯಿತೇನೋ ಎಂದು ಚಿಕ್ಕಮ್ಮ ಗಾಬರಿಯಾದಳು. ಆಕೆ ಚಿಕ್ಕಮ್ಮನ ಕೈಯಿಂದ ತಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.

“ಬಿಟ್ಟೆ” ಎಂದರು. ಅದು ಅಪ್ಪಟ ಕನ್ನಡದ ಬಿಟ್ಟೆ.

ಆಮೇಲೆ ಕೊನೆಯ ಕಿಟಕಿಯವರೆಗೂ ಒಬ್ಬರೇ ನಡೆದು ಹೋದರು. ಊರಿಗೆಲ್ಲ ನಡೆಯಲು ಕಲಿಸುವ ನಮ್ಮ ಚಿಕ್ಕಮ್ಮ ಒಂದು ಹೆಜ್ಜೆಯನ್ನೂ ಎತ್ತಿಡಲಾಗದೆ ನಿಂತಲ್ಲೇ ಅಳುತ್ತಿದ್ದಳು.